ಎಸ್‌ಟಿಪಿ ನಡೆಸೋದು ಅಂದ್ರೆ ಲೋಳೆ ಸಾಕೋದು

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ, ನೋಡಿಕೊಳ್ಳುವುದು ನನ್ನ ಕೆಲಸ. ಬಂದವರೆಲ್ಲ ಮೊದಲು ಕೇಳುವುದು 'ಫಿಲ್ಟರ್ ಎಲ್ಲಿ?' ಅಂತ. ಮರಳಿನ ಫಿಲ್ಟರ್ ತೋರಿಸಿದರೆ ಖುಷಿಯಾಗಿ ಹೋಗುತ್ತಾರೆ. ಆದರೆ ಅದು ಕೊನೆಯಲ್ಲಿ ಉಳಿದ ಕಸರು ಹಿಡಿಯುತ್ತದೆ, ಅಷ್ಟೇ. ಕೊಳೆ ತಿನ್ನುವವರು ಏರೇಶನ್ ಟ್ಯಾಂಕಿನಲ್ಲಿ, ಅಂದರೆ ನೀರಿಗೆ ಗಾಳಿ ಊದುವ ಟ್ಯಾಂಕಿನಲ್ಲಿ, ಇದ್ದಾರೆ.

ಅಲ್ಲಿ ಸಣ್ಣ ಸಣ್ಣ ಪ್ಲಾಸ್ಟಿಕ್ ಚಕ್ರಗಳು ನೀರಿನ ಜೊತೆ ಸುತ್ತುತ್ತಿರುತ್ತವೆ. ನಾವು ಮೀಡಿಯಾ ಅನ್ನುತ್ತೇವೆ. ಒಂದನ್ನು ಕೈಗೆ ತೆಗೆದುಕೊಂಡರೆ ಒಳಗಿನ ಸಂದುಗಳಲ್ಲಿ ಕಂದು ಲೋಳೆ ಅಂಟಿರುತ್ತದೆ. ಅದೇ ಬ್ಯಾಕ್ಟೀರಿಯಾ. ನೀರಲ್ಲಿ ಕರಗಿದ ಕೊಳೆಯನ್ನು ಗಾಳಿಯ ಜೊತೆ ಸೇರಿಸಿ ತಿಂದು ಮುಗಿಸುತ್ತವೆ. ಲೋಳೆ ದಪ್ಪವಾದರೆ ತಾನೇ ಕಳಚಿ, ಮುಂದಿನ ಸೆಟ್ಲಿಂಗ್ ಟ್ಯಾಂಕಿನ ತಳ ಸೇರುತ್ತದೆ. 'ಗಲೀಜಾಗಿದೆ, ತೊಳೀರಿ' ಅಂತ ಯಾರು ಹೇಳಿದರೂ ಮೀಡಿಯಾ ತೊಳೆಯಬೇಡಿ.

ಹೊಸ ಕಟ್ಟಡದಲ್ಲಿ ಈ ಲೋಳೆ ಹಿಡಿಸುವುದೇ ದೊಡ್ಡ ಪಾಡು. ಅರ್ಧ ಫ್ಲಾಟ್ ಖಾಲಿ ಇದ್ದರೆ ಬ್ಯಾಕ್ಟೀರಿಯಾಗೆ ಊಟವೇ ಸಾಲದು. ಚೆನ್ನಾಗಿ ನಡೆಯುತ್ತಿದ್ದ ಇನ್ನೊಂದು ಎಸ್‌ಟಿಪಿಯಿಂದ ಸ್ಲಡ್ಜ್ (ಬ್ಯಾಕ್ಟೀರಿಯಾ ತುಂಬಿದ ಕೆಸರು) ತರಿಸಿ ಸುರಿದೆವು, ಹೆಪ್ಪು ಹಾಕಿದ ಹಾಗೆ. ಶುರುವಿನಲ್ಲಿ ಬಿಳಿ ನೊರೆ ಟ್ಯಾಂಕಿನ ಅಂಚು ದಾಟಿ ಉಕ್ಕುತ್ತಿತ್ತು. ಸೋಪು ತಿನ್ನುವಷ್ಟು ಬ್ಯಾಕ್ಟೀರಿಯಾ ಇನ್ನೂ ಬೆಳೆದಿರಲಿಲ್ಲ. ನೀರು ಚಿಮುಕಿಸಿ ಸುಮ್ನೆ ಕಾದೆವು. ಚಕ್ರಗಳ ಬಣ್ಣ ತಿರುಗುತ್ತಾ ಬಂದ ಹಾಗೆ ನೊರೆಯೂ ಇಳಿಯಿತು.

ಆಮೇಲಿನ ಜಗಳವೆಲ್ಲ ಟ್ಯಾಂಕಿಗೆ ಗಾಳಿ ಊದುವ ಬ್ಲೋವರ್‌ದು. 'ರಾತ್ರಿ ಎಲ್ಲರೂ ಮಲಗಿರ್ತಾರಲ್ಲ, ಆಫ್ ಮಾಡಿ' ಅಂದರು ಅಪಾರ್ಟ್‌ಮೆಂಟಿನ ಸೆಕ್ರೆಟರಿ. 'ಸರ್, ಬ್ಯಾಕ್ಟೀರಿಯಾ ಮಲಗಲ್ಲ' ಅಂದೆ. ನೀರಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗೆ ಇಳಿಯದ ಹಾಗೆ ನೋಡಿಕೊಳ್ಳುತ್ತೇನೆ. ಗಾಳಿ ಗಂಟೆಗಟ್ಟಲೆ ನಿಂತರೆ ಲೋಳೆ ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಶುರು. ಹಾಗಾಗಿ ಕರೆಂಟ್ ಹೋದಾಗ ಜನರೇಟರಿನಲ್ಲಿ ಲಿಫ್ಟ್ ಜೊತೆ ಬ್ಲೋವರೂ ಓಡಬೇಕು.

ಹಬ್ಬದ ಹಿಂದಿನ ವಾರ ನನಗೆ ದಿಗಿಲು. ಮನೆಮನೆಯಲ್ಲೂ ಟಾಯ್ಲೆಟ್‌ಗೆ ಆಸಿಡ್, ಬ್ಲೀಚಿಂಗ್ ಪೌಡರ್. ಎಲ್ಲ ಒಟ್ಟಿಗೆ ಬಂದರೆ ಲೋಳೆ ಸಾಯುತ್ತದೆ. ಈಗ ಒಂದೊಂದು ಬ್ಲಾಕಿಗೆ ಒಂದೊಂದು ದಿನ ಅಂತ ನೋಟಿಸ್ ಹಾಕುತ್ತೇವೆ. ಎಲ್ಲರೂ ಕೇಳುತ್ತಾರೆ ಅಂತಲ್ಲ, ಆದರೂ ಒಂದೇ ಸಲ ಹೊಡೆತ ಬೀಳುವುದು ತಪ್ಪಿದೆ.

ಕಷ್ಟದ ಭಾಗ ಮೂತ್ರದಿಂದ ಬರುವ ಅಮೋನಿಯಾ. ಅದನ್ನು ತಿನ್ನುವ ಬ್ಯಾಕ್ಟೀರಿಯಾ ತುಂಬಾ ನಿಧಾನವಾಗಿ ಬೆಳೆಯುತ್ತವೆ. ಉಳಿದ ಕೊಳೆ ಹೆಚ್ಚುಕಡಿಮೆ ಮುಗಿದ ಮೇಲೇ ಅವುಗಳ ಸರದಿ. ಗಾಳಿಯೂ ಜಾಸ್ತಿ ಬೇಕು: ಅಮೋನಿಯಾದಲ್ಲಿನ 1 ಗ್ರಾಂ ಸಾರಜನಕಕ್ಕೆ ಸುಮಾರು 4.5 ಗ್ರಾಂ ಆಮ್ಲಜನಕ. ಜೊತೆಗೆ ಪಿಎಚ್ ಇಳಿಯುತ್ತದೆ, ಅಂದರೆ ನೀರು ಹುಳಿಯಾಗುತ್ತಾ ಹೋಗುತ್ತದೆ, 7ರ ಕೆಳಗೆ ಜಾರಿದರೆ ಸ್ವಲ್ಪ ಸೋಡಾ ಹಾಕುತ್ತೇವೆ. ಅಮೋನಿಯಾ ಉಳಿದರೆ ಕೊನೆಯಲ್ಲಿ ರೋಗಾಣು ಕೊಲ್ಲಲು ಹಾಕುವ ಕ್ಲೋರಿನ್ ಅನ್ನು ಅದೇ ನುಂಗಿಬಿಡುತ್ತದೆ, ಎಷ್ಟು ಸುರಿದರೂ ಸಾಲದು. ಈಗ ಹೈಪೋ (ಕ್ಲೋರಿನ್ ದ್ರಾವಣ) ಕ್ಯಾನ್ ಮೊದಲಿಗಿಂತ ಜಾಸ್ತಿ ದಿನ ಬರುತ್ತಿದೆ. ಬ್ಲೋವರ್ ಕರೆಂಟಿನ ಲೆಕ್ಕ ಕೇಳಿದಾಗೆಲ್ಲ ಸೆಕ್ರೆಟರಿಗೆ ಹೈಪೋ ಬಿಲ್ ತೋರಿಸುತ್ತೇನೆ.