46 ಇಂಜಿನ್‌ಗೆ ಯಾವ ಪ್ರಾಪ್ ಹಾಕೋದು? ನೋಡ್ಕೊಂಡು ಆರಿಸೋ ಬಗೆ

ಪ್ರಾಪ್, ಅಂದ್ರೆ ಮಾಡೆಲ್ ವಿಮಾನದ ಪ್ರೊಪೆಲ್ಲರ್, ಅದರ ಮೇಲೆ 11×6 ಅಂತ ಇದ್ರೆ ಮೊದಲನೇದು ವ್ಯಾಸ, ಎರಡನೇದು ಪಿಚ್, ಎರಡೂ ಇಂಚು ಲೆಕ್ಕ. ಪಿಚ್ ಅಂದ್ರೆ ಒಂದು ಸುತ್ತಿಗೆ ಪ್ರಾಪ್ ಗಾಳಿಲಿ ಜಾರದೇ ಹೋದ್ರೆ ಎಷ್ಟು ಮುಂದಕ್ಕೆ ಹೋಗುತ್ತೋ ಅಷ್ಟು. ಪಿಚ್ ಕಡಿಮೆ ಇದ್ರೆ ಘಾಟಿ ಹತ್ತೋ ಫಸ್ಟ್ ಗೇರ್ ಥರ, ಎಳೆತ ಚೆನ್ನಾಗಿರುತ್ತೆ ಸ್ಪೀಡ್ ಬರಲ್ಲ, ಜಾಸ್ತಿ ಇದ್ರೆ ಉಲ್ಟಾ.

ಮೊದ್ಲು ಇಂಜಿನ್ ಜೊತೆ ಬಂದ ಮ್ಯಾನ್ಯುಯಲ್ ತೆಗೀರಿ, ಅದರಲ್ಲಿ ಇರೋ ಸೈಜಿಂದಾನೇ ಶುರು ಮಾಡಿ. ಅದು ಕಳೆದುಹೋಗಿದ್ರೆ ಅಂದಾಜಿಗೆ: 049ಕ್ಕೆ 6×3, 15ಕ್ಕೆ 8×4, 25ಕ್ಕೆ 9×5, 40ಕ್ಕೆ 10×6, 46ಕ್ಕೆ 11×5 ಇಲ್ಲಾ 11×6. (ಈ ನಂಬರ್‌ಗಳು ಇಂಜಿನ್ ಸೈಜು, 46 ಅಂದ್ರೆ 0.46 ಘನ ಇಂಚು, ಸುಮಾರು 7.5 ಸಿಸಿ.) ನಿಧಾನಕ್ಕೆ ಹಾರೋ ಹೈವಿಂಗ್ ಟ್ರೈನರ್‌ಗೆ (ರೆಕ್ಕೆ ಮೇಲಿರೋ, ಕಲಿಯೋರ ವಿಮಾನ) 11×5 ಸಾಕು, ಸ್ವಲ್ಪ ಚುರುಕಾದ ಲೋ ವಿಂಗ್‌ಗೆ (ರೆಕ್ಕೆ ಕೆಳಗಿರೋದು) 11×6.

ಸೈಜ್ ಬದಲಾಯಿಸೋವಾಗ ಒಂದು ಲೆಕ್ಕ ಇಟ್ಕೊಳ್ಳಿ, ಇದೊಂದು ಗೊತ್ತಿದ್ರೆ ಅಂಗಡಿಯವರು ಏನೇ ಹೇಳಿದ್ರೂ ಏಮಾರಲ್ಲ. ಒಂದೇ ಆರ್‌ಪಿಎಂನಲ್ಲಿ ಇಂಜಿನ್ ಮೇಲೆ ಬೀಳೋ ಲೋಡ್ ವ್ಯಾಸದ ನಾಲ್ಕನೇ ಘಾತ ಗುಣಿಸು ಪಿಚ್, ಹೆಚ್ಚುಕಮ್ಮಿ. 10×6ಗೆ 60,000 ಬರುತ್ತೆ. 11×4ಗೆ 58,564, ಅಂದ್ರೆ ಎರಡೂ ಬಹುತೇಕ ಒಂದೇ. ಆದ್ರೆ 11×6 ಹಾಕಿದ್ರೆ 87,846, ಬರೀ ಒಂದು ಇಂಚು ತಾನೇ ಅಂತ ಹಾಕಿದ್ದು ಇಂಜಿನ್‌ಗೆ ಅರ್ಧದಷ್ಟು ಲೋಡ್ ಜಾಸ್ತಿ ಮಾಡಿಬಿಡುತ್ತೆ, 40 ಇಂಜಿನ್ ಆದ್ರೆ ಕಾದು ಕಾದು ಏದುಸಿರು ಬಿಡುತ್ತೆ. ಅದಕ್ಕೇ ವ್ಯಾಸ ಒಂದಿಂಚು ಏರಿಸಿದ್ರೆ ಪಿಚ್ ಎರಡಿಂಚು ಇಳಿಸಿ.

ಎಲೆಕ್ಟ್ರಿಕ್ ಮೋಟರ್‌ಗೆ ಅಂತ ಬರೋ ತೆಳ್ಳಗಿನ ಪ್ರಾಪ್‌ನ ಗ್ಲೋ ಇಂಜಿನ್‌ಗೆ (ಇಲ್ಲಿ ಹೇಳ್ತಿರೋ ಫ್ಯೂಯೆಲ್ ಇಂಜಿನ್) ಯಾವ ಕಾರಣಕ್ಕೂ ಹಾಕ್ಬೇಡಿ, ರೇಟು ಕಮ್ಮಿ ಅಂತಾದ್ರೂ ಸರಿ. ಇಂಜಿನ್ ಹೊಡೆತಕ್ಕೆ ಹಬ್ (ಪ್ರಾಪ್‌ನ ನಡುಭಾಗ) ಬಿಟ್ಕೊಂಡು ಬ್ಲೇಡ್ ಹಾರಿಹೋಗಬಹುದು.

ತಂದ್ಮೇಲೆ ಅಂಚಿನ ಚೂಪನ್ನ ಸ್ಯಾಂಡ್ ಪೇಪರ್‌ನಲ್ಲಿ ಹಗುರವಾಗಿ ಉಜ್ಜಿ, ಇಲ್ಲಾಂದ್ರೆ ಸ್ಟಾರ್ಟ್ ಮಾಡೋಕೆ ಪ್ರಾಪ್‌ನ ಫ್ಲಿಕ್ ಮಾಡೋ ಬೆರಳು ಕೊಯ್ಯುತ್ತೆ. ಆಮೇಲೆ ಬ್ಯಾಲೆನ್ಸರ್ (ಎರಡು ಬ್ಲೇಡ್ ಸಮತೂಕ ಇದ್ಯಾ ನೋಡೋ ಸಾಧನ) ಮೇಲಿಡಿ, ಕೆಳಕ್ಕೆ ಇಳಿಯೋ ಬ್ಲೇಡ್ ಭಾರ ಅಂತ, ಅದನ್ನ ತುದಿ ಕಡೆ ಉಜ್ಜಬೇಕು, ಹಬ್ ಮುಟ್ಟಬಾರದು. ಕೂರಿಸೋವಾಗ ಉಬ್ಬಿರೋ ಮುಖ, ಅಕ್ಷರ ಇರೋ ಮುಖ, ವಿಮಾನದ ಮುಂದಕ್ಕೆ ಬರಬೇಕು. ವಿಮಾನ ಮಟ್ಟಸವಾಗಿ ನಿಂತಾಗ ತುದಿಗೂ ನೆಲಕ್ಕೂ ಕನಿಷ್ಠ ಒಂದಿಂಚು ಜಾಗ ಇರ್ಲಿ, ಹುಲ್ಲು ರನ್‌ವೇ ಆದ್ರೆ ಇನ್ನೂ ಜಾಸ್ತಿ.

ಈಗ ಇಂಜಿನ್ ಸ್ಟಾರ್ಟ್ ಮಾಡಿ ಟ್ಯಾಕೋಮೀಟರ್ (ಆರ್‌ಪಿಎಂ ಅಳೆಯೋ ಮೀಟರ್) ಹಿಡೀರಿ. ಟ್ಯಾಕೋ ಸರಿ ಇದ್ಯಾ ಅಂತ ಮನೇಲೇ ನೋಡ್ಬಹುದು: ಚೋಕ್ ಇರೋ ಹಳೇ ಟ್ಯೂಬ್‌ಲೈಟ್‌ಗೆ ಹಿಡಿದ್ರೆ, ಎರಡು ಬ್ಲೇಡ್ ಸೆಟ್ಟಿಂಗ್‌ನಲ್ಲಿ 3000 ತೋರಿಸ್ಬೇಕು, ನಮ್ಮ ಕರೆಂಟು 50 ಹರ್ಟ್ಜ್ ಇರೋದ್ರಿಂದ. 46ಕ್ಕೆ 11×6 ಹಾಕಿ 11,000 ಹತ್ರ ಬಂದ್ರೆ ಆರಾಮು. ನೀಡಲ್ (ಇಂಜಿನ್‌ಗೆ ಫ್ಯೂಯೆಲ್ ಎಷ್ಟು ಹೋಗ್ಬೇಕು ಅಂತ ಸೆಟ್ ಮಾಡೋ ಸ್ಕ್ರೂ) ಸರಿಯಾಗಿದ್ದೂ, ಫ್ಯೂಯೆಲ್ ಹೊಸದಾಗಿದ್ದೂ 10,000 ಮುಟ್ಟದಿದ್ರೆ ಪ್ರಾಪ್ ಭಾರ ಆಯ್ತು, 11×5ಕ್ಕೆ ಇಳೀರಿ. ಆರ್‌ಪಿಎಂನ ಪಿಚ್‌ನಿಂದ ಗುಣಿಸಿ 656ರಿಂದ ಭಾಗಿಸಿದ್ರೆ ಪ್ರಾಪ್ ಜಾರದೇ ಹೋದ್ರೆ ಗಂಟೆಗೆ ಎಷ್ಟು ಕಿಲೋಮೀಟರ್ ಅಂತ ಅಂದಾಜು ಸಿಗುತ್ತೆ, ಇಲ್ಲಿ ಸುಮಾರು 100. ಇದು ವಿಮಾನದ ಸ್ಟಾಲ್ ಸ್ಪೀಡ್‌ನ (ಇದಕ್ಕಿಂತ ನಿಧಾನ ಆದ್ರೆ ರೆಕ್ಕೆ ಎತ್ತಲ್ಲ ಅನ್ನೋ ಸ್ಪೀಡ್) ಎರಡೂವರೆ ಪಟ್ಟು ಇದ್ರೆ ಟ್ರೈನರ್‌ಗೆ ಧಾರಾಳ.

ಬೆಂಗಳೂರಲ್ಲಿ ಹಾರಿಸೋರಿಗೆ ಇನ್ನೊಂದು ಮಾತು. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರೋದ್ರಿಂದ ಇಲ್ಲಿ ಗಾಳಿ ಮಂಗಳೂರಿಗಿಂತ ತೆಳು, ಇಂಜಿನ್ ಪವರ್ರೂ ಪ್ರಾಪ್ ಲೋಡೂ ಒಟ್ಟಿಗೇ ಇಳಿಯೋದ್ರಿಂದ ಟ್ಯಾಕೋದಲ್ಲಿ ದೊಡ್ಡ ವ್ಯತ್ಯಾಸ ಕಾಣದೇ ಇರಬಹುದು, ಎಳೆತ ಮಾತ್ರ ಕಮ್ಮಿ ಆಗಿರುತ್ತೆ. ಹಾಗಾಗಿ ಮಂಗಳೂರಲ್ಲಿ ಸೆಟ್ ಮಾಡಿದ ನೀಡಲ್‌ನ ಇಲ್ಲಿ ಮತ್ತೆ ನೋಡಿ, ಟೇಕಾಫ್‌ಗೆ ರನ್‌ವೇ ಸ್ವಲ್ಪ ಉದ್ದ ಬಿಟ್ಕೊಳ್ಳಿ.