ಆಡುವವರನ್ನು ಗುರುತಿಸುವ ಆಟವನ್ನು ನಾನು ಕಟ್ಟಿದ ಬಗೆ

ಪರದೆಯ ಮುಂದೆ ಕುಳಿತಿರುವ ವ್ಯಕ್ತಿಯನ್ನು ಆಟವೇ ಗುರುತಿಸಿ ಮಾತನಾಡಿಸಬೇಕೆಂಬ ಆಸೆಯಿಂದ ನಾನು ಒಂದು ಚಿಕ್ಕ ಕಥನಾತ್ಮಕ ವಿಡಿಯೋ ಗೇಮನ್ನು ರೆನ್‌ಪೈ ಎಂಬ ಉಚಿತ ತಂತ್ರಾಂಶದಲ್ಲಿ ಕಟ್ಟಿದೆ. ಪಾಳುಬಿದ್ದ ಮನೆಯೊಂದರ ಕೋಣೆಗಳನ್ನು ಒಂದೊಂದಾಗಿ ತೆರೆದು ನೋಡುವುದಷ್ಟೇ ಅದರ ಕಥೆ. ಅಲ್ಲಿ ಬೇರೆ ಪಾತ್ರಗಳಿಲ್ಲ. ಒಬ್ಬ ನಿರೂಪಕನಿದ್ದಾನೆ, ಅವನ ಮಾತು ಕೇಳುತ್ತ ಆಡುವವರಿದ್ದಾರೆ.

ಆಡುವವರನ್ನು ನೇರವಾಗಿ ಸಂಬೋಧಿಸುವುದು ಹೊಸದೇನಲ್ಲ. ವಿಲ್ ಕ್ರೌದರ್ ಆರಂಭಿಸಿ 1977ರಲ್ಲಿ ಡಾನ್ ವುಡ್ಸ್ ವಿಸ್ತರಿಸಿದ 'ಕೊಲೊಸಲ್ ಕೇವ್ ಅಡ್ವೆಂಚರ್' ಎಂಬ ಪಠ್ಯರೂಪದ ಆಟ, ನೀವು ರಸ್ತೆಯ ಕೊನೆಯಲ್ಲಿ ನಿಂತಿದ್ದೀರಿ ಎಂದೇ ಮಾತು ಶುರುಮಾಡುತ್ತದೆ. ಆದರೆ ಆ ಮಾತು ಯಾರು ಬಂದು ಕುಳಿತರೂ ಒಂದೇ. ನನಗೆ ಬೇಕಾಗಿದ್ದುದು ಅದಕ್ಕಿಂತ ಮುಂದಿನದು. ಹಾಗಾಗಿ ಬರೆಯಲು ತೊಡಗುವ ಮೊದಲು, ಆಡಿದಾಗ ನನ್ನನ್ನು ನಿಜವಾಗಿ ತಟ್ಟಿದ್ದ ಆಟಗಳನ್ನು ಮತ್ತೆ ಆಡಿ, ಅವು ಯಾವ ಮಾಹಿತಿಯನ್ನು ಎಲ್ಲಿಂದ ಪಡೆಯುತ್ತವೆ, ಅದನ್ನು ಎಷ್ಟು ಹೊತ್ತು ಬಚ್ಚಿಟ್ಟುಕೊಂಡು ಯಾವಾಗ ಹೊರಗೆಡಹುತ್ತವೆ ಎಂಬುದನ್ನು ಟಿಪ್ಪಣಿ ಮಾಡಿಕೊಂಡೆ.

1998ರ 'ಮೆಟಲ್ ಗೇರ್ ಸಾಲಿಡ್'ನಲ್ಲಿ ಸೈಕೋ ಮ್ಯಾಂಟಿಸ್ ಎಂಬ ಎದುರಾಳಿ ಆಟಗಳ ಪ್ರಗತಿಯನ್ನು ಉಳಿಸಿಡುವ, ಆಡುವವರ ಮೆಮೊರಿ ಕಾರ್ಡನ್ನೇ ಓದಿ, ಅದೇ ಕಂಪನಿಯ ಬೇರೆ ಆಟಗಳನ್ನು ಅವರು ಆಡಿರುವುದನ್ನು ಹೇಳುತ್ತಾನೆ. ಆಡುವವರು ಕೈಯಲ್ಲಿ ಹಿಡಿದಿರುವ ಕಂಟ್ರೋಲರನ್ನು ನೆಲದ ಮೇಲಿಡಲು ಹೇಳಿ ತನ್ನ ಶಕ್ತಿಯಿಂದಲೋ ಎಂಬಂತೆ ಅದನ್ನು ಕಂಪಿಸುವಂತೆ ಮಾಡುತ್ತಾನೆ. ಇದು ಬರಿಯ ಚಮತ್ಕಾರವಾಗಿ ಉಳಿಯದಿರಲು ಕಾರಣ ಮುಂದಿನ ಹೆಜ್ಜೆ: ನಮ್ಮ ಚಲನೆಗಳನ್ನು ಮೊದಲೇ ಅರಿಯುವ ಅವನನ್ನು ಮಣಿಸಲು ಕಂಟ್ರೋಲರನ್ನು ಎದ್ದು ಹೋಗಿ ಎರಡನೆಯ ಪೋರ್ಟಿಗೆ ಸಿಕ್ಕಿಸಬೇಕು. ಅಂದರೆ ಆಟ ನಮ್ಮನ್ನು ಕರೆದಾಗ ನಾವೂ ನಮ್ಮ ಕೈಯಿಂದಲೇ ಉತ್ತರ ಕೊಡುತ್ತೇವೆ. 'ಅರ್ಥ್‌ಬೌಂಡ್' ಬಹಳ ಮೃದುವಾದ ದಾರಿ ಹಿಡಿಯುತ್ತದೆ. ಪಾತ್ರಗಳ ಹೆಸರಲ್ಲದೆ ಆಡುವವರ ಸ್ವಂತ ಹೆಸರನ್ನೂ ಅದು ನಡುವೆ ಕೇಳಿಟ್ಟುಕೊಳ್ಳುತ್ತದೆ. ಕೊನೆಯ ಕದನದಲ್ಲಿ ಪೌಲಾ ಎಂಬ ಪಾತ್ರ ಸಲ್ಲಿಸುವ ಪ್ರಾರ್ಥನೆ ಆ ಹೆಸರಿನವರನ್ನು ತಲುಪುವ ಹೊತ್ತಿಗೆ, ಹೆಸರು ಕೊಟ್ಟಿದ್ದೇ ನಮಗೆ ಮರೆತುಹೋಗಿರುತ್ತದೆ. ಕೇಳಿದ್ದಕ್ಕೂ ಬಳಸಿದ್ದಕ್ಕೂ ನಡುವಿನ ಆ ದೀರ್ಘ ಅಂತರವೇ ಅದರ ಬಲವೆಂದು ನನ್ನ ದೃಢ ಅಭಿಪ್ರಾಯ.

ನನ್ನ ಆಟದಲ್ಲಿ ಹೆಸರನ್ನು ಕೇಳಲೇ ಇಲ್ಲ. ಹೆಸರು ಹಿಡಿದು ಕರೆಯುವುದು ಸುಲಭ. ಆಡುವವರು ಮಾಡಿದ್ದನ್ನು ಗಮನಿಸಿ ನೆನಪಿಟ್ಟುಕೊಳ್ಳುವುದೇ ನಿಜವಾದ ಗುರುತಿಸುವಿಕೆ. ಇದಕ್ಕೆ ರೆನ್‌ಪೈಯ ಎರಡು ಗುಣಗಳು ಒದಗಿಬಂದವು. ಮೌಸಿನ ಚಕ್ರವನ್ನು ಉರುಳಿಸಿದರೆ ಕಥೆ ಹಿಂದಕ್ಕೆ ಸರಿಯುತ್ತದೆ, ಆಗ ಮಾಡಿದ ಆಯ್ಕೆಯನ್ನು ಬದಲಿಸಬಹುದು. ಇದರ ಜೊತೆಗೆ ಪರ್ಸಿಸ್ಟೆಂಟ್ ಎಂಬ ಒಂದು ಸಂಗ್ರಹವಿದೆ. ಅದರಲ್ಲಿ ಬರೆದಿಟ್ಟದ್ದು ಕಥೆ ಹಿಂದೆ ಸರಿದರೂ, ಹಳೆಯ ಸೇವ್ (ಆಟವನ್ನು ನಡುವೆ ಉಳಿಸಿಟ್ಟ ದಾಖಲೆ) ತೆರೆದರೂ, ಆಟವನ್ನು ಮೊದಲಿನಿಂದ ಆಡಿದರೂ ಅಳಿಯುವುದಿಲ್ಲ. ಆಟದೊಳಗಿನ ಪಾತ್ರದ ಪಾಲಿಗೆ ನಡೆಯದೇ ಹೋದ ಘಟನೆ ಆಡುವವರ ಪಾಲಿಗೆ ನಡೆದಿರುತ್ತದೆ. ನಾನು ಮಾತನಾಡಿಸಬೇಕೆಂದಿದ್ದ ವ್ಯಕ್ತಿ ನೆಲೆಸಿರುವುದು ಸರಿಯಾಗಿ ಈ ಎರಡರ ನಡುವೆ. 'ಅಂಡರ್‌ಟೇಲ್' 2015ರಲ್ಲಿ ಇದೇ ಅಂತರವನ್ನು ಬಳಸಿ, ಪಾತ್ರವೊಂದನ್ನು ಒಮ್ಮೆ ಕೊಂದು ಮತ್ತೆ ಸೇವ್ ತೆರೆದು ಬದುಕಿಸಿದವರಿಗೆ ಅದನ್ನು ಎತ್ತಿ ಹೇಳಿತು.

ಒಂದು ಕೋಣೆಯಲ್ಲಿ ಮುಚ್ಚಿದ ಪೆಟ್ಟಿಗೆಯಿದೆ, ಅದರೊಳಗೆ ಬೇರೆಯವರಿಗೆ ಬರೆದ ಪತ್ರ. ಅದನ್ನು ತೆರೆದು ಓದಿ, ನಂತರ ಕಥೆಯನ್ನು ಹಿಂದಕ್ಕೆ ಸರಿಸಿ, ಮುಟ್ಟದವರಂತೆ ಮುಂದೆ ಹೋದವರಿಗೆ ನಿರೂಪಕ ಅಲ್ಲಿ ಏನನ್ನೂ ಹೇಳುವುದಿಲ್ಲ. ಎರಡು ಕೋಣೆಗಳಾಚೆ, ಬೇರೇನನ್ನೋ ವಿವರಿಸುತ್ತಿರುವಾಗ ಹೇಳುತ್ತಾನೆ: “ಪೆಟ್ಟಿಗೆಯಲ್ಲಿ ಏನಿತ್ತೆಂಬುದು ನಿಮಗೆ ಗೊತ್ತಿದೆ. ಆದರೂ ಅದನ್ನು ಮುಚ್ಚಿಯೇ ಇಟ್ಟಿದ್ದೀರಿ.” ತಕ್ಷಣ ಪ್ರತಿಕ್ರಿಯಿಸಿದ್ದರೆ ಆಡುವವರು ಅದನ್ನೊಂದು ಗುಂಡಿಯಂತೆ ಮತ್ತೆ ಮತ್ತೆ ಒತ್ತಿ ಪರೀಕ್ಷಿಸುತ್ತಿದ್ದರು. ಇಂತಹ ಮಾತುಗಳನ್ನು ಇಡೀ ಆಟದಲ್ಲಿ ಬಹಳ ಕಡಿಮೆ ಇಟ್ಟಿದ್ದೇನೆ, ಏಕೆಂದರೆ ಎಲ್ಲವನ್ನೂ ಗಮನಿಸಿ ಹೇಳುವ ನಿರೂಪಕ ಬೇಗನೆ ಲೆಕ್ಕ ಬರೆಯುವ ಯಂತ್ರವಾಗುತ್ತಾನೆ.

ಆ ವಾಕ್ಯದಲ್ಲಿ ಕೃತ್ಯವಿದೆಯೇ ಹೊರತು ಉದ್ದೇಶವಿಲ್ಲ. ಪೆಟ್ಟಿಗೆ ತೆರೆಯಿತೆಂಬುದಷ್ಟೇ ಪ್ರೋಗ್ರಾಮಿಗೆ ಗೊತ್ತು. ಸಂಕೋಚದಿಂದ ಮುಚ್ಚಿದರೋ, ಬೇರೆ ಫಲಿತಾಂಶ ಹುಡುಕುತ್ತಿದ್ದರೋ ಅದಕ್ಕೆ ತಿಳಿಯದು. ತಿಳಿಯದ್ದನ್ನು ತಿಳಿದಂತೆ ನುಡಿದರೆ ನಂಬಿಕೆ ಅಲ್ಲೇ ಮುರಿಯುತ್ತದೆ. 2012ರ 'ಸ್ಪೆಕ್ ಆಪ್ಸ್: ದಿ ಲೈನ್' ಆಡುವವರನ್ನೇ ಆರೋಪಿಸುವ ಧೈರ್ಯ ತೋರಿದ ಆಟ, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಬೇರೆ ದಾರಿಯನ್ನೇ ಕೊಡದ ಘಟನೆಯ ಹೊಣೆಯನ್ನು ಆಡುವವರ ಮೇಲೆ ಹೊರಿಸುವುದು ನ್ಯಾಯವಲ್ಲವೆಂದು ನಂಬಿದ್ದರಿಂದ, ಆಟ ಬಲವಂತವಾಗಿ ಮಾಡಿಸಿದ ಯಾವುದರ ಕುರಿತೂ ನನ್ನ ನಿರೂಪಕ ಮಾತೆತ್ತುವುದಿಲ್ಲ.

ಕಂಪ್ಯೂಟರಿನ ಬಳಕೆದಾರರ ಹೆಸರನ್ನು ಓದಿ ಬೆಚ್ಚಿಬೀಳಿಸುವ ತಂತ್ರ 2017ರ 'ಡೋಕಿ ಡೋಕಿ ಲಿಟರೇಚರ್ ಕ್ಲಬ್'ನಲ್ಲಿದೆ. ಅದು ಭಯದ ಆಟವಾದ್ದರಿಂದ ಅಲ್ಲಿಗೆ ಒಪ್ಪುತ್ತದೆ. ನಾನು ಆಟದೊಳಗೆ ನಡೆದದ್ದನ್ನು ಬಿಟ್ಟು ಬೇರೇನನ್ನೂ ಓದಲಿಲ್ಲ, ಮತ್ತು ನಿರೂಪಕನ ನೆನಪನ್ನು ಅಳಿಸುವ ಆಯ್ಕೆಯನ್ನು ಎಲ್ಲರಿಗೂ ಕಾಣುವಂತೆ ಮೆನುವಿನಲ್ಲೇ ಇಟ್ಟೆ. ಅಳಿಸಿದ್ದನ್ನೂ ಗುಟ್ಟಾಗಿ ನೆನಪಿಟ್ಟುಕೊಂಡು ಕೊನೆಯಲ್ಲಿ ಹೇಳಿಸಿದರೆ ಪರಿಣಾಮ ದೊಡ್ಡದಾಗುತ್ತದೆಂದು ಪರೀಕ್ಷಿಸಿದವರು ಸೂಚಿಸಿದರೂ ನಾನು ಒಪ್ಪಲಿಲ್ಲ. ಆ ಗುಂಡಿ ಒತ್ತಿದ ಮೇಲೆ ಪರ್ಸಿಸ್ಟೆಂಟ್ ಸಂಗ್ರಹದಲ್ಲಿ ಏನೂ ಉಳಿಯುವುದಿಲ್ಲ.