ಜಿಎಸ್‌ಟಿ ಸಾಲು ನೋಡಿ ಕ್ರೆಡಿಟ್ ಕಾರ್ಡ್ ಬಿಟ್ಟೆ: ನನ್ನ ಅನುಭವ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ನನ್ನದೊಂದು ಸಣ್ಣ ಆಫೀಸಿದೆ. ಮದುವೆ ಆಲ್ಬಮ್ ಡಿಸೈನ್ ಮಾಡುತ್ತೇನೆ. ಸಾಗರ, ತೀರ್ಥಹಳ್ಳಿ, ಹೊಸನಗರ ಕಡೆಯ ಫೋಟೋಗ್ರಾಫರ್‌ಗಳು ಫೋಟೋ ಕಳಿಸುತ್ತಾರೆ, ನಾನು ಪುಟ ಜೋಡಿಸಿ ಪ್ರಿಂಟಿಗೆ ಕೊಡುತ್ತೇನೆ. ಎಡಿಟಿಂಗ್ ಸಾಫ್ಟ್‌ವೇರ್, ಫೋಟೋ ಇಡಲು ಕ್ಲೌಡ್ ಜಾಗ, ಫಾಂಟುಗಳು, ವೆಬ್‌ಸೈಟ್ ಹೋಸ್ಟಿಂಗ್, ಇವಕ್ಕೆಲ್ಲ ನಾನು ಡಾಲರ್ ಲೆಕ್ಕದಲ್ಲೇ ಕಟ್ಟುವುದು. ತಿಂಗಳಿಗೆ ಸುಮಾರು 9,000 ರೂಪಾಯಿ ಆಗುತ್ತದೆ. ಮೊದಲಿಂದ ಒಂದೇ ಕ್ರೆಡಿಟ್ ಕಾರ್ಡ್, ತಾನಾಗೇ ಕಟ್ ಆಗುತ್ತಿತ್ತು, ಕೊನೆಗೆ ಬರುವ ಒಟ್ಟು ಮೊತ್ತ ನೋಡಿ ಕಟ್ಟಿಬಿಡುತ್ತಿದ್ದೆ.

ನಮ್ಮ ಅಪ್ಪಯ್ಯ ಹಾಗಲ್ಲ. ಊರಿನಿಂದ ಅಡಿಕೆ ತಂದು ಮಂಡಿಗೆ ಹಾಕಿದರೆ, ಕೊಟ್ಟ ಚೀಟಿಯನ್ನು ಅಲ್ಲೇ ನಿಂತು ಓದುತ್ತಾರೆ. ತೂಕ ಎಷ್ಟು, ಹಮಾಲಿ ಎಷ್ಟು, ಯಾವುದಕ್ಕೆ ಎಷ್ಟು ಹಿಡಿದಿದ್ದಾರೆ, ಒಂದೊಂದೇ ಸಾಲು. 2024ರ ಆಗಸ್ಟ್‌ನಲ್ಲಿ ಒಂದು ದಿನ ಮಳೆ ಜೋರಾಗಿ ಊರಿಗೆ ಹೋಗಲಾಗದೆ ನನ್ನ ಆಫೀಸಿನಲ್ಲೇ ಕೂತಿದ್ದರು. ನಾನು ಕಾರ್ಡ್ ಬಿಲ್ ಕಟ್ಟುತ್ತಿದ್ದೆ. "ಇದರಲ್ಲಿ ಜಿಎಸ್‌ಟಿ ಅಂತ ಇದೆಯಲ್ಲ ಮಾರಾಯ, ಅದು ಯಾವುದರದ್ದು?" ಎಂದು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಹಳೆಯ ಸ್ಟೇಟ್‌ಮೆಂಟುಗಳನ್ನೆಲ್ಲ ತೆಗೆದು ಪಕ್ಕಪಕ್ಕ ಇಟ್ಟು ನೋಡಲು ಶುರುಮಾಡಿದ್ದು ಆವತ್ತೇ.

ಡಾಲರ್ ಬಿಲ್ಲು ರೂಪಾಯಿಗೆ ಬರುವಾಗ ಎರಡು ಹಂತ ಇದೆ. ಮೊದಲನೆಯದು ಕಾರ್ಡಿನ ನೆಟ್‌ವರ್ಕ್, ಅಂದರೆ ವೀಸಾ ಅಥವಾ ಮಾಸ್ಟರ್‌ಕಾರ್ಡ್‌ನ ದರ. ಅದು ಗೂಗಲ್‌ನಲ್ಲಿ ಕಾಣುವ ದರ ಅಲ್ಲ, ನಾವು ಬಟನ್ ಒತ್ತಿದ ಹೊತ್ತಿನದ್ದೇ ಆಗಿರಬೇಕು ಅಂತಲೂ ಇಲ್ಲ, ಸಾಮಾನ್ಯವಾಗಿ ಒಂದೆರಡು ದಿನ ಬಿಟ್ಟು ಲೆಕ್ಕ ಸೆಟಲ್ ಆಗುವಾಗಿನ ದರ ಬೀಳುತ್ತದೆ. ಎರಡೂ ಕಂಪನಿಗಳ ವೆಬ್‌ಸೈಟಿನಲ್ಲಿ ದಿನದ ದರ ನೋಡುವ ಕ್ಯಾಲ್ಕುಲೇಟರ್ ಇದೆ. ಎರಡನೆಯದು ನಮ್ಮ ಬ್ಯಾಂಕ್ ಹಾಕುವ ಮಾರ್ಕಪ್, ಅಂದರೆ ಆ ದರದ ಮೇಲೆ ಸೇರಿಸುವ ಶುಲ್ಕ. ನಮ್ಮ ದೇಶದ ಬಹಳಷ್ಟು ಕಾರ್ಡುಗಳಲ್ಲಿ ಇದು ಶೇ. 3.5, ಕೆಲವದರಲ್ಲಿ ಶೇ. 2, ಕೆಲವದರಲ್ಲಿ ಇಲ್ಲವೇ ಇಲ್ಲ. ಈ ಮಾರ್ಕಪ್ ಮೇಲೆ ಮತ್ತೆ ಶೇ. 18 ಜಿಎಸ್‌ಟಿ. ಅಲ್ಲಿಗೆ ಶೇ. 3.5 ಎನ್ನುವುದು ನಿಜದಲ್ಲಿ ಶೇ. 4.13, ಶೇ. 2 ಎನ್ನುವುದು ಶೇ. 2.36.

ನನ್ನ ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ ಮಾರ್ಕಪ್‌ಗೆ ಬೇರೆ ಸಾಲು ಇರಲಿಲ್ಲ, ಖರೀದಿಯ ಮೊತ್ತದೊಳಗೇ ಸೇರಿಹೋಗಿತ್ತು. ಜಿಎಸ್‌ಟಿ ಮಾತ್ರ ಬೇರೆ ಸಾಲಿನಲ್ಲಿ ಬರುತ್ತಿತ್ತು. ನನಗೆ ದಾರಿ ಸಿಕ್ಕಿದ್ದು ಅದರಿಂದಲೇ. ಜಿಎಸ್‌ಟಿ ಮೊತ್ತವನ್ನು 0.18ರಿಂದ ಭಾಗಿಸಿ, ಮಾರ್ಕಪ್ ಎಷ್ಟು ಅಂತ ಗೊತ್ತಾಗುತ್ತದೆ. ಆ ಮಾರ್ಕಪ್ಪನ್ನು ಮಾರ್ಕಪ್ ಕಳೆದ ಖರೀದಿ ಮೊತ್ತದಿಂದ ಭಾಗಿಸಿ, ಶೇಕಡಾ ಎಷ್ಟು ಅಂತ ಗೊತ್ತಾಗುತ್ತದೆ. ಜುಲೈವರೆಗೆ ನನಗೆ 9,000ಕ್ಕೆ ಬೀಳುತ್ತಿದ್ದ ಜಿಎಸ್‌ಟಿ 32.40. ಅಂದರೆ ಮಾರ್ಕಪ್ 180 ರೂಪಾಯಿ, ಶೇ. 2. ಆಗಸ್ಟ್‌ನಲ್ಲಿ ಅದೇ ಸಾಲು 56.70. ಅಂದರೆ 315 ರೂಪಾಯಿ, ಶೇ. 3.5. ಅದೇ ಸಾಫ್ಟ್‌ವೇರ್, ಅದೇ ಡಾಲರ್, ನನಗೆ ಗೊತ್ತಿಲ್ಲದೆ ದರ ಏರಿತ್ತು.

ಮೇಲ್ ಹುಡುಕಿದೆ. ಪ್ರಮೋಷನ್ ಫೋಲ್ಡರಿನಲ್ಲಿ, ಆಫರ್‌ಗಳ ಮಧ್ಯೆ, "ನಿಯಮಗಳಲ್ಲಿ ಬದಲಾವಣೆ" ಎಂಬ ಒಂದು ಮೇಲ್ ಬಿದ್ದಿತ್ತು. ಒಳಗೆ ಉದ್ದದ ಪಿಡಿಎಫ್, ಅದರ ಮೂರನೇ ಪುಟದಲ್ಲಿ ಒಂದು ಸಾಲು. ಮೇಲ್ ಬಂದ ದಿನ ಜುಲೈ 15. ಹೊಸ ದರ ಆಗಸ್ಟ್ 1ರಿಂದ. ನಡುವೆ ಹದಿನೇಳೇ ದಿನ.

ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್‌ನಲ್ಲಿ ಕ್ರೆಡಿಟ್ ಮತ್ತು ಡೆಬಿಟ್ ಕಾರ್ಡುಗಳಿಗೆ ಒಂದು ಮಾಸ್ಟರ್ ಡೈರೆಕ್ಷನ್, ಅಂದರೆ ಬ್ಯಾಂಕುಗಳು ಪಾಲಿಸಬೇಕಾದ ನಿಯಮಗಳ ಆದೇಶ, ಹೊರಡಿಸಿತ್ತು, ಆ ವರ್ಷದ ಜುಲೈ 1ರಿಂದ ಅದು ಜಾರಿಗೆ ಬಂದಿತ್ತು. ಅವತ್ತು ಸಂಜೆ ಕೂತು ಪೂರ್ತಿ ಓದಿದೆ. ಶುಲ್ಕ ಬದಲಾಯಿಸುವುದಾದರೆ ಕಡಿಮೆ ಅಂದರೂ ಒಂದು ತಿಂಗಳು ಮುಂಚೆ ಗ್ರಾಹಕನಿಗೆ ತಿಳಿಸಬೇಕು, ಹಿಂದಿನ ದಿನಾಂಕದಿಂದ ಅನ್ವಯಿಸುವ ಹಾಗಿಲ್ಲ. ಬದಲಾವಣೆಯಿಂದ ನಮಗೆ ನಷ್ಟ ಅನ್ನಿಸಿ ಕಾರ್ಡ್ ವಾಪಸ್ ಕೊಡುತ್ತೇವೆ ಎಂದರೆ, ಬಾಕಿ ತೀರಿಸಿದರೆ ಸಾಕು, ಮುಚ್ಚುವುದಕ್ಕೆ ಅಂತ ಬೇರೆ ದುಡ್ಡು ಕೇಳುವಂತಿಲ್ಲ. ಇದು ನಮ್ಮ ಹಕ್ಕು. ನನ್ನ ಜೊತೆ ಕೆಲಸ ಮಾಡುವ ಫೋಟೋಗ್ರಾಫರ್‌ಗಳಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ, ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಹೆಲ್ಪ್‌ಲೈನಿಗೆ ಫೋನ್ ಮಾಡಿದೆ. "ಸಿಸ್ಟಮ್‌ನಲ್ಲೇ ಹಾಗೆ ಬಂದಿದೆ ಸರ್, ನಾವೇನೂ ಮಾಡಕ್ಕಾಗಲ್ಲ" ಎಂದರು. ಪಾಪ, ಆ ಹುಡುಗಿಯ ಕೈಯಲ್ಲಿ ಏನಿದೆ. ಆಮೇಲೆ ಬ್ಯಾಂಕಿನ ಕುಂದುಕೊರತೆ ಅಧಿಕಾರಿಗೆ ಮೇಲ್ ಬರೆದೆ. ಉದ್ದ ಬರೆಯಲಿಲ್ಲ. ತಿಳಿಸಿದ ದಿನ ಇದು, ಜಾರಿಯಾದ ದಿನ ಇದು, ನಡುವೆ ಇಷ್ಟೇ ದಿನ, ಜಿಎಸ್‌ಟಿ ಸಾಲು 32.40 ಇದ್ದದ್ದು 56.70 ಆಗಿದೆ, ಹೆಚ್ಚು ಹಿಡಿದದ್ದು ಮಾರ್ಕಪ್ 135, ಜಿಎಸ್‌ಟಿ 24.30, ಒಟ್ಟು 159.30, ವಾಪಸ್ ಕೊಡಿ. ಎರಡೂ ತಿಂಗಳ ಸ್ಟೇಟ್‌ಮೆಂಟ್ ಜೊತೆಗಿಟ್ಟೆ. ದೂರಿನ ನಂಬರ್ ಬರೆದಿಟ್ಟುಕೊಂಡೆ, ಯಾಕೆಂದರೆ 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು, ಅದಕ್ಕೆ ಖರ್ಚಿಲ್ಲ. ಹೋಗುವ ಅಗತ್ಯ ಬೀಳಲಿಲ್ಲ. ಹನ್ನೊಂದನೇ ದಿನ ವಾಪಸ್ ಹಾಕುತ್ತೇವೆ ಎಂದು ಉತ್ತರ ಬಂತು.

159 ರೂಪಾಯಿಗೆ ಇಷ್ಟೆಲ್ಲ ಯಾಕೆ ಎಂದು ಹೆಂಡತಿ ಕೇಳಿದಳು. ವರ್ಷದ ಲೆಕ್ಕ ತೋರಿಸಿದೆ. ಹಳೇ ದರದಲ್ಲಿ 2,549 ರೂಪಾಯಿ ಹೋಗುತ್ತಿತ್ತು, ಹೊಸ ದರದಲ್ಲಿ 4,460. ಒಂದು ಆಲ್ಬಮ್ ಡಿಸೈನ್ ಮಾಡಲು ನಾನು ಎರಡು ರಾತ್ರಿ ಕೂರುತ್ತೇನೆ, ಆ ದುಡ್ಡು ಸುಮ್ನೆ ಬಿಡಲು ಮನಸ್ಸು ಬರಲ್ಲ.

ಇನ್ನೊಂದು ಕಡೆ ನಾನು ಅದೇ ವರ್ಷ ಜನವರಿಯಲ್ಲೇ ಜಾಸ್ತಿ ಕೊಟ್ಟಿದ್ದೆ, ಅದೂ ಈ ಹುಡುಕಾಟದಲ್ಲೇ ತಿಳಿದದ್ದು. ಅಣ್ಣ ಸಿಂಗಪುರದಲ್ಲಿದ್ದಾನೆ, ನೋಡಲು ಹೋಗಿದ್ದೆವು. ಅತ್ತಿಗೆ ಜೊತೆ ಅಂಗಡಿಗೆ ಹೋಗಿ 200 ಸಿಂಗಪುರ ಡಾಲರಿನ ಕ್ಯಾಮೆರಾ ಬ್ಯಾಗು ತಗೊಂಡೆ. ಕಾರ್ಡ್ ಮೆಷಿನ್ ಎರಡು ಮೊತ್ತ ತೋರಿಸಿತು, ಒಂದು ಅಲ್ಲಿನ ಡಾಲರಿನಲ್ಲಿ, ಒಂದು ರೂಪಾಯಿಯಲ್ಲಿ. ನಮ್ಮ ರೂಪಾಯಿ ಅಲ್ವಾ, ಲೆಕ್ಕ ಗೊತ್ತಾಗುತ್ತದೆ ಅಂತ ಅದನ್ನೇ ಒತ್ತಿದೆ. 13,050 ಆಯಿತು. ಆ ದಿನದ ನೆಟ್‌ವರ್ಕ್ ದರ ಸುಮಾರು 62 ರೂಪಾಯಿ ಇತ್ತು, ಅದರಂತೆ 12,400 ಆಗಬೇಕು. ಮೇಲಿನದ್ದೆಲ್ಲ ಅಲ್ಲೇ ಮೆಷಿನ್ ಕಡೆಯವರು ಹಾಕಿದ ದರದ ವ್ಯತ್ಯಾಸ. ಇದಕ್ಕೆ ಡೈನಾಮಿಕ್ ಕರೆನ್ಸಿ ಕನ್ವರ್ಷನ್ ಎನ್ನುತ್ತಾರೆ. ಅಷ್ಟಕ್ಕೇ ಮುಗಿಯಲಿಲ್ಲ. ರೂಪಾಯಿಯಲ್ಲಿ ಕಟ್ಟಿದರೂ ಅಂಗಡಿ ಹೊರದೇಶದ್ದು ಎಂದು ನನ್ನ ಬ್ಯಾಂಕ್ ಶೇ. 1 ಹಿಡಿದಿತ್ತು, ಮೇಲೆ ಜಿಎಸ್‌ಟಿ, ಸೇರಿ 154 ರೂಪಾಯಿ. ಡಾಲರನ್ನೇ ಒತ್ತಿದ್ದರೆ ಶೇ. 2ರ ಮಾರ್ಕಪ್ ಸೇರಿಸಿಯೂ 12,693ಕ್ಕೆ ಮುಗಿಯುತ್ತಿತ್ತು. ಐನೂರು ರೂಪಾಯಿ ಮೇಲೆ ಹೋಯಿತು. ಹೊರದೇಶದಲ್ಲಿ ಮೆಷಿನ್ ಕೇಳಿದರೆ ಅಲ್ಲಿನ ಕರೆನ್ಸಿಯನ್ನೇ ಒತ್ತಿ. ವೆಬ್‌ಸೈಟಿನಲ್ಲೂ ಹೀಗಾಗಬಹುದು, ಬೆಲೆ ರೂಪಾಯಿಯಲ್ಲಿ ಕಂಡರೂ ಕಂಪನಿ ಹೊರಗಿನದ್ದಾದರೆ ಈ ಶೇ. 1 ಬೀಳುವ ಕಾರ್ಡುಗಳಿವೆ.

ಹೊಸ ಕಾರ್ಡ್ ಹುಡುಕುವಾಗ ಜಾಹೀರಾತು ನೋಡಲಿಲ್ಲ. ಪ್ರತಿ ಬ್ಯಾಂಕೂ ಮುಖ್ಯ ನಿಯಮಗಳು ಅಂತ ಒಂದು ಪಿಡಿಎಫ್ ಇಟ್ಟಿರುತ್ತದೆ, ಎಂಐಟಿಸಿ ಅಂತ ಹುಡುಕಿದರೆ ಸಿಗುತ್ತದೆ. ಅದರಲ್ಲಿ ವಿದೇಶಿ ಕರೆನ್ಸಿಯ ಸಾಲು ಮತ್ತು ವಾರ್ಷಿಕ ಶುಲ್ಕದ ಸಾಲು, ಇವೆರಡನ್ನು ಒಟ್ಟಿಗೆ ನೋಡಿದೆ. ಮಾರ್ಕಪ್ ಇಲ್ಲದ ಒಂದು ಕಾರ್ಡಿಗೆ ವರ್ಷಕ್ಕೆ 500, ಜಿಎಸ್‌ಟಿ ಸೇರಿ 590. ನನ್ನ ಖರ್ಚಿಗೆ ಅದು ಲಾಭ. ವರ್ಷಕ್ಕೊಮ್ಮೆ ಒಂದು ಡೊಮೇನ್ ಮಾತ್ರ ಕೊಳ್ಳುವವರಿಗೆ ಅಲ್ಲ, ಅವರು ಇರುವ ಕಾರ್ಡನ್ನೇ ಇಟ್ಟುಕೊಳ್ಳುವುದು ಒಳ್ಳೆಯದು.

ಹಳೆಯದನ್ನು ಕೂಡಲೇ ಮುಚ್ಚಲಿಲ್ಲ. ಹೊಸ ಕಾರ್ಡಿಗೆ ವಿದೇಶಿ ಬಳಕೆ ಬಂದ್ ಆಗಿಯೇ ಬರುತ್ತದೆ, ಆ್ಯಪ್‌ನಲ್ಲಿ ಅದನ್ನು ಆನ್ ಮಾಡಿ ಮಿತಿ ಇಟ್ಟೆ. ಆಮೇಲೆ ಒಂದೊಂದೇ ಸಾಫ್ಟ್‌ವೇರಿಗೆ ಹೋಗಿ ಕಾರ್ಡ್ ಬದಲಿಸಿ, ಒಟಿಪಿ ಕೊಟ್ಟು ಮ್ಯಾಂಡೇಟ್, ಅಂದರೆ ತಾನಾಗೇ ಕಟ್ ಆಗಲು ಕೊಡುವ ಒಪ್ಪಿಗೆ, ಹೊಸದಾಗಿ ಮಾಡಿದೆ. ಕ್ಲೌಡ್ ಒಂದನ್ನು ಕೊನೆಗೆ ಇಟ್ಟುಕೊಂಡಿದ್ದೆ, ಅದು ನಿಂತರೆ ಗಿರಾಕಿಗಳ ಮದುವೆ ಫೋಟೋ ಸಿಗದಂತಾಗುತ್ತದೆ ಎಂಬ ಭಯ. ಒಂದು ತಿಂಗಳು ಎಲ್ಲ ಹೊಸದರಲ್ಲಿ ಸರಿಯಾಗಿ ಕಟ್ ಆದದ್ದನ್ನು ನೋಡಿ, ಹಳೆಯದರ ಪಾಯಿಂಟ್ ಬಳಸಿ, ಬಾಕಿ ಪೂರ್ತಿ ಕಟ್ಟಿ, ಮುಚ್ಚಲು ಮೇಲ್ ಹಾಕಿದೆ. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ಬ್ಯಾಂಕೇ ನಮಗೆ ಕೊಡಬೇಕು ಎಂದು ಅದೇ ಡೈರೆಕ್ಷನ್‌ನಲ್ಲಿತ್ತು. ನಾನು ಹಾಕಿದ ಮೇಲ್‌ನಲ್ಲಿ ಆ ಸಾಲನ್ನೂ ಸೇರಿಸಿದ್ದೆ. ಎರಡು ಸಲ ಫೋನ್ ಬಂತು, ವಾರ್ಷಿಕ ಶುಲ್ಕ ಬಿಡುತ್ತೇವೆ, ಇಟ್ಟುಕೊಳ್ಳಿ ಅಂತ. ಮಾರ್ಕಪ್ ಇಳಿಸುತ್ತೀರಾ ಎಂದು ಕೇಳಿದೆ. ಆಗಲ್ಲ ಎಂದರು.

ಆರನೇ ದಿನ ಕಾರ್ಡ್ ಮುಚ್ಚಿದ ಪತ್ರ ಬಂತು. ಬರಬೇಕಿದ್ದ 159.30 ಕಾರ್ಡಿನಲ್ಲೇ ಜಮೆಯಾಗಿ ಉಳಿದಿತ್ತು, ಅದನ್ನು ನನ್ನ ಉಳಿತಾಯ ಖಾತೆಗೆ ಹಾಕಿದರು. ಅಪ್ಪಯ್ಯನಿಗೆ ಫೋನ್ ಮಾಡಿ ಹೇಳಿದೆ. ಪೈಸೆ ಸಮೇತ ಬಂತಾ ಎಂದು ಕೇಳಿದರು. ಬಂತು ಎಂದೆ.